ಹಸಿವು ತಗ್ಗಿಸುವ ಸೂಜಿ

ಹಸಿವು ತಗ್ಗಿಸಿ ಮೈತೂಕ ಇಳಿಸುವ ಹೊಸ ತಲೆಮಾರಿನ ಚುಚ್ಚುಮದ್ದುಗಳು ಭಾರತದ ಔಷಧದ ಅಂಗಡಿಗಳಿಗೆ ಬಂದದ್ದು 2025ರಲ್ಲಿ. ಮಾರ್ಚ್‌ನಲ್ಲಿ ಅಮೆರಿಕದ ಎಲಿ ಲಿಲ್ಲಿ ಕಂಪನಿಯ ಮೌಂಜಾರೊ ಬಂತು, ಜೂನ್‌ನಲ್ಲಿ ಡೆನ್ಮಾರ್ಕ್‌ನ ನೋವೊ ನಾರ್ಡಿಸ್ಕ್ ಕಂಪನಿಯ ವಿಗೋವಿ. ಮೊದಲನೆಯದರಲ್ಲಿರುವುದು ಟಿರ್ಜೆಪಟೈಡ್, ಎರಡನೆಯದರಲ್ಲಿ ಸೆಮಾಗ್ಲುಟೈಡ್. ಎರಡನ್ನೂ ವಾರಕ್ಕೊಮ್ಮೆ ಚರ್ಮದಡಿ ಚುಚ್ಚಿಕೊಳ್ಳಬೇಕು. ಧಾರವಾಡದ ಕಡೆ ಇಂಜೆಕ್ಷನ್‌ಗೆ ಸೂಜಿ ಎಂದೇ ಹೆಸರು, ಮಾತ್ರೆಗೆ ಗುಳಿಗಿ. ಆ ಮಾತಿನಲ್ಲಿ ಇದು ತೂಕ ಇಳಿಸುವ ಸೂಜಿ.

ಉಂಡದ್ದು ಕರುಳಿಗೆ ಇಳಿದಾಗ ಕರುಳಿನ ಗೋಡೆಯ ಕೆಲವು ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ಇನ್ಸುಲಿನ್ ಸ್ರವಿಸುವಂತೆ ಮಾಡುತ್ತದೆ, ಜಠರ ಬೇಗ ಖಾಲಿಯಾಗದಂತೆ ತಡೆಯುತ್ತದೆ, ಹೊಟ್ಟೆ ತುಂಬಿತೆಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಸಹಜ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಸೆಮಾಗ್ಲುಟೈಡ್ ಅದರದೇ ಮಾರ್ಪಡಿಸಿದ ರೂಪ. ಅದರ ಪರಿಣಾಮ ಒಂದು ವಾರ ಉಳಿಯುತ್ತದೆ. ಟಿರ್ಜೆಪಟೈಡ್ ಜಿಐಪಿ ಎಂಬ ಇನ್ನೊಂದು ಕರುಳಿನ ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 68 ವಾರ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ ಸರಾಸರಿ ಶೇ. 14.9 ಇಳಿಯಿತು, ಬರೀ ನೀರಿನಂಥ ಹುಸಿ ಮದ್ದು ಪಡೆದವರದ್ದು ಶೇ. 2.4. ಮರುವರ್ಷದ ಪ್ರಯೋಗದಲ್ಲಿ ಟಿರ್ಜೆಪಟೈಡ್‌ನ ಅತಿ ಹೆಚ್ಚಿನ ಪ್ರಮಾಣ ಸುಮಾರು ಶೇ. 21ರಷ್ಟು ತೂಕ ಇಳಿಸಿತು. ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ ತೊಂದರೆಗಳು. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪಕ್ಕೆ ಬರುತ್ತವೆ.

ಇಂಥ ಮದ್ದಿನ ಬಗ್ಗೆ ಜನರಿಗಿರುವ ಅನುಮಾನಕ್ಕೆ ಹಳೆಯ ಕಾರಣಗಳುಂಟು. ಹಸಿವು ಕೊಲ್ಲುವ ಗುಳಿಗೆಗಳ ಚರಿತ್ರೆ ಒಳ್ಳೆಯದಲ್ಲ. ಫೆನ್‌ಫ್ಲೂರಮಿನ್ ಹೃದಯದ ಕವಾಟ ಕೆಡಿಸುತ್ತದೆಂದು ತಿಳಿದು 1997ರಲ್ಲಿ ಅದನ್ನು ಅಮೆರಿಕದ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ರಿಮೊನಾಬ್ಯಾಂಟ್ ಮನಸ್ಸಿನ ಖಿನ್ನತೆ ತರುತ್ತದೆಂದು 2008ರಲ್ಲಿ ಯುರೋಪಿನಲ್ಲಿ ನಿಂತಿತು. ಹೃದಯಾಘಾತದ ಅಪಾಯ ಹೆಚ್ಚಿಸುವ ಸಿಬುಟ್ರಮಿನ್ 2010ರಲ್ಲಿ ಪಶ್ಚಿಮದ ದೇಶಗಳಲ್ಲಿ, 2011ರಲ್ಲಿ ಭಾರತದಲ್ಲಿ ನಿಂತಿತು. ಇವೆಲ್ಲ ಮಿದುಳಿನ ರಾಸಾಯನಿಕಗಳನ್ನು ಕೆಣಕುವ ಮದ್ದುಗಳು. ಈಗಿನವು ಕರುಳಿನ ಹಾರ್ಮೋನಿನ ದಾರಿ ಹಿಡಿದವು. ಸೆಮಾಗ್ಲುಟೈಡ್ ಹೃದ್ರೋಗಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯದ ಕಾರಣದ ಸಾವನ್ನು ಒಟ್ಟಾರೆ ಶೇ. 20ರಷ್ಟು ತಗ್ಗಿಸಿತೆಂದು 2023ರಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಜನರ ಪ್ರಯೋಗ ತೋರಿಸಿತು. ಹಳೆಯ ಭಯವನ್ನು ಹಾಗೆಯೇ ಹೊಸ ಮದ್ದಿನ ಮೇಲೆ ಹೊರಿಸುವುದು ಸರಿಯಲ್ಲ.

ಇದಕ್ಕಿಂತ ಆಳವಾದ ಆಕ್ಷೇಪ ನೀತಿಯದು. ‘ಬಾಯಿ ಕಟ್ಟಿದರ ಆತು, ಸೂಜಿ ಯಾಕ ಬೇಕು?’ ಎಂಬ ಮಾತಿನಲ್ಲಿ ದಪ್ಪಗಿರುವುದು ಸೋಮಾರಿತನದ ಫಲ, ಮದ್ದು ಕಳ್ಳದಾರಿ ಎಂಬ ತೀರ್ಪಿದೆ. ಅದೇ ಮನೆಯಲ್ಲಿ ಬಿಪಿ ಗುಳಿಗಿ, ಸಕ್ಕರಿ ಗುಳಿಗಿ ಇಪ್ಪತ್ತು ವರ್ಷದಿಂದ ನಡೆದಿರುತ್ತವೆ. ಅವನ್ನು ಯಾರೂ ಕಳ್ಳದಾರಿ ಎನ್ನುವುದಿಲ್ಲ. ಬಾಯಿ ಕಟ್ಟಿ ತೂಕ ಇಳಿಸಿದವರ ರಕ್ತದಲ್ಲಿ ಹಸಿವೆ ಹೆಚ್ಚಿಸುವ ಗ್ರೆಲಿನ್ ಹಾರ್ಮೋನು ವರ್ಷ ಕಳೆದ ಮೇಲೂ ಏರಿಯೇ ಇರುವುದನ್ನು ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ತೋರಿಸಿದರು. ಕಳೆದುಕೊಂಡ ತೂಕವನ್ನು ದೇಹವೇ ಮರಳಿ ಕೇಳುತ್ತದೆ. ಧಾರವಾಡದ ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನದಲ್ಲಿ ದಿನಾ ಬೆಳಿಗ್ಗೆ ಸುತ್ತು ಹಾಕಿಯೂ ಬೊಜ್ಜು ಕರಗದವರಿಗೆ ಇದು ಅನುಭವದಿಂದ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಈ ಮದ್ದುಗಳ ಬಗ್ಗೆ ಹೊರಡಿಸಿದ ಮಾರ್ಗಸೂಚಿಯೂ ಬೊಜ್ಜನ್ನು ಮರುಕಳಿಸುವ ದೀರ್ಘಕಾಲದ ಕಾಯಿಲೆ ಎಂದೇ ಕರೆಯಿತು.

ಇನ್ನೊಂದು ಧೋರಣೆ ದಪ್ಪಗಿರುವುದನ್ನು ಹಳಿಯುವ ಆ ತೀರ್ಪಿಗೆ ತೀರ ವಿರುದ್ಧ ದಿಕ್ಕಿನದು. ಉತ್ತರ ಕರ್ನಾಟಕದಲ್ಲಿ ಮೈಕೈ ತುಂಬಿಕೊಂಡಿರುವುದು ಉಂಡುಟ್ಟು ಸುಖವಾಗಿರುವುದರ ಗುರುತು. ತೂಕ ಇಳಿಸಿಕೊಂಡು ಬೀದಿಗೆ ಬಂದವರಿಗೆ ಮೊದಲು ಸಿಗುವ ಪ್ರಶ್ನೆ, ‘ಯಾಕ್ರೀ, ಇಷ್ಟ್ಯಾಕ ಸೊರಗೀರಿ? ಆರಾಮ ಇಲ್ಲೇನು?’ ಇದು ಅಕ್ಕರೆಯ ಪ್ರಶ್ನೆಯೇ. ಬಡತನವನ್ನೂ ಬರವನ್ನೂ ಕಂಡ ನಾಡಿನಲ್ಲಿ ಸೊರಗುವುದೆಂದರೆ ರೋಗ. ಆ ನೆನಪು ಸುಳ್ಳಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರಾದರೆ 17 ಮಂದಿ ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಇದರ ಜೊತೆಗೆ ನೋಡಲು ತೆಳ್ಳಗಿದ್ದೂ ಹೊಟ್ಟೆಯೊಳಗೆ ಕೊಬ್ಬು ತುಂಬಿಕೊಂಡ ದೇಹ ಭಾರತೀಯರಲ್ಲಿ ಸಾಮಾನ್ಯ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ತಮ್ಮ ಮತ್ತು ಬ್ರಿಟಿಷ್ ಸಹೋದ್ಯೋಗಿಯ ದೇಹಗಳನ್ನು ಹೋಲಿಸಿ ಇದನ್ನು ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದ್ದೂ 22.3, ಕೊಬ್ಬಿನ ಪಾಲು ಮಾತ್ರ ಬ್ರಿಟಿಷ್ ವೈದ್ಯರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಹೀಗಾಗಿ ಭಾರತೀಯರಿಗೆ ತಕ್ಕಡಿಗಿಂತ ಟೇಪು ಹೆಚ್ಚು ನಂಬಿಕೆಯ ಸಾಕ್ಷಿ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು.

ಧಾರವಾಡದ ಮಾಳಮಡ್ಡಿಯಲ್ಲಿ ಈ ಚರ್ಚೆಗೆ ಇನ್ನೊಂದು ಪದರವಿದೆ. ರೈಲ್ವೆ ನಿಲ್ದಾಣದ ಹತ್ತಿರದ ಈ ಹಳೆಯ ಬಡಾವಣೆಯಲ್ಲಿ ರಾಯರ ಮಠವಿದೆ. ಏಕಾದಶಿಗೆ ನೀರನ್ನೂ ಮುಟ್ಟದೆ ದ್ವಾದಶಿಯ ಬೆಳಿಗ್ಗೆ ಪಾರಣೆ ಮಾಡುವ ಮಾಧ್ವ ಮನೆಗಳಿವೆ. ಹಸಿವನ್ನು ಮನಸ್ಸಿನಿಂದ ಗೆಲ್ಲುವುದು ಇಲ್ಲಿ ವ್ರತ. ಅದನ್ನೇ ಸೂಜಿಯಿಂದ ಗೆಲ್ಲುವುದು ಹಿರಿಯರಿಗೆ ಒಗ್ಗದಿದ್ದರೆ ಆಶ್ಚರ್ಯವಿಲ್ಲ. ಆದರೆ ಉಪವಾಸ ತೂಕ ಇಳಿಸಲು ಹುಟ್ಟಿದ ಆಚರಣೆಯಲ್ಲ. ಮದ್ದು ದೇವರ ಪ್ರೀತಿಗಾಗಿ ಬಂದದ್ದಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದ ಎರಡಕ್ಕೂ ನ್ಯಾಯ ಸಿಗುವುದಿಲ್ಲ.

ಎರಡೂ ಒಂದೇ ದೇಹದಲ್ಲಿ ಕೂಡಿದಾಗ ಮಾತ್ರ ವೈದ್ಯರ ಸಲಹೆ ಬೇಕೇ ಬೇಕು. ಸೂಜಿಯಿಂದ ವಾಂತಿ, ಭೇದಿ ಆಗುತ್ತಿರುವವರು ದಿನವಿಡೀ ನೀರು ಬಿಟ್ಟರೆ ದೇಹ ಒಣಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಸೂಜಿಯ ಜೊತೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ಇದ್ದರೆ ಉಪವಾಸದ ದಿನ ರಕ್ತದ ಸಕ್ಕರೆ ಕುಸಿಯಬಹುದು. ನಾಲ್ಕು ತಿಂಗಳ ಚಾತುರ್ಮಾಸ್ಯ ವ್ರತದ ವಿಷಯ ಇನ್ನೂ ಸೂಕ್ಷ್ಮ. ಮೂರನೆಯ ತಿಂಗಳ ಕ್ಷೀರವ್ರತದಲ್ಲಿ ಹಾಲಿಲ್ಲ, ನಾಲ್ಕನೆಯ ತಿಂಗಳ ದ್ವಿದಳವ್ರತದಲ್ಲಿ ಬೇಳೆಕಾಳಿಲ್ಲ. ಸಸ್ಯಾಹಾರಿಗಳಿಗೆ ಅವು ಪ್ರೋಟೀನಿನ ಮುಖ್ಯ ಮೂಲಗಳು. ಈ ಮದ್ದುಗಳಿಂದ ಇಳಿಯುವ ತೂಕದಲ್ಲಿ ಕೊಬ್ಬಿನೊಡನೆ ಸ್ನಾಯುವೂ ಒಂದು ಪಾಲು. ಅರ್ಧ ರೊಟ್ಟಿಗೇ ಹೊಟ್ಟೆ ತುಂಬುವವರು ಬೇಳೆಯನ್ನೂ ಬಿಟ್ಟರೆ, ವಯಸ್ಸಾದವರಲ್ಲಿ ಕಾಲಿನ ಬಲ ಬೇಗ ಕುಂದುತ್ತದೆ. ದ್ವಿದಳವ್ರತದಲ್ಲಿ ಹಾಲು, ಮೊಸರು ನಡೆಯುತ್ತವೆ. ಕ್ಷೀರವ್ರತದಲ್ಲಿ ಬೇಳೆ ನಡೆಯುತ್ತದೆ. ವ್ರತ ಕೆಡದಂತೆ ಊಟ ಹೊಂದಿಸಲು ಇಷ್ಟು ತಿಳಿದಿದ್ದರೆ ದಾರಿಯಿದೆ.

ಬೆಲೆಯೂ ಜನಾಭಿಪ್ರಾಯವನ್ನು ರೂಪಿಸುತ್ತದೆ. ಬಂದಾಗ ವಿಗೋವಿಯ ಆರಂಭದ ಪ್ರಮಾಣದ ಬೆಲೆ ತಿಂಗಳಿಗೆ 17 ಸಾವಿರ ರೂಪಾಯಿ ದಾಟಿತ್ತು. 2025ರ ನವೆಂಬರ್‌ನಲ್ಲಿ ಕಂಪನಿ ಅದನ್ನು 11 ಸಾವಿರದೊಳಗೆ ಇಳಿಸಿತು. ಪಿಂಚಣಿಯ ಮನೆಗೆ ಅದೂ ದೊಡ್ಡ ಹಣವೇ, ಹೀಗಾಗಿ ಇದು ಸಿನಿಮಾದವರ ಮದ್ದು ಎಂಬ ಮಾತು ಹುಟ್ಟಿತು. ಭಾರತದಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗಿನದು. ಅದು ಮುಗಿದ ಮೇಲೆ ದೇಶದ ಕಂಪನಿಗಳೂ ಮದ್ದನ್ನು ತಯಾರಿಸಬಹುದು. ಅಗ್ಗವಾದಂತೆ ಮದುವೆಗೆ ಮೊದಲು ನಾಲ್ಕು ಕಿಲೋ ಇಳಿಸಲು ಬಯಸುವವರೂ ಸೇರಿಕೊಳ್ಳುತ್ತಾರೆ. ಇದು ಅವರಿಗಾಗಿ ಮಾಡಿದ ಮದ್ದಲ್ಲ. ಅಂಥವರನ್ನು ಸೆಳೆಯಬಹುದಾದ, ಬೊಜ್ಜು ವಾಸಿ ಮಾಡುವುದಾಗಿ ಹೇಳುವ ಔಷಧದ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ.

ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂತೆಂದು 2021ರ ಆ ಪ್ರಯೋಗದ ಮುಂದುವರಿಕೆ ಕಂಡುಕೊಂಡಿತು. ಬಿಪಿ ಗುಳಿಗೆ ಬಿಟ್ಟರೂ ಬಿಪಿ ಏರುತ್ತದೆ. ಆರಂಭಿಸುವ ಮೊದಲೇ ವೈದ್ಯರು ಇದನ್ನು ಬಿಡಿಸಿ ಹೇಳಬೇಕು.

ಜನರ ಮಾತಿಗೆ ಅಂಜಿ ಸೂಜಿಯನ್ನು ಮುಚ್ಚಿಡುವುದರಿಂದ ಆಗುವ ಹಾನಿ ಬೇರೆಯದೇ. ಜಠರ ನಿಧಾನವಾಗಿ ಖಾಲಿಯಾಗುವುದರಿಂದ, ಶಸ್ತ್ರಚಿಕಿತ್ಸೆಗೆ ರಾತ್ರಿಯಿಂದ ಉಪವಾಸವಿದ್ದವರ ಹೊಟ್ಟೆಯಲ್ಲೂ ಆಹಾರ ಉಳಿದಿರಬಹುದು. ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಕಣ್ಣಿನ ಪೊರೆಯಾಗಲಿ, ಮಂಡಿಯಾಗಲಿ, ಆಪರೇಷನ್ನಿಗೆ ಹೋಗುವವರು ಯಾವ ಸೂಜಿ, ಕೊನೆಯದಾಗಿ ಯಾವ ದಿನ ಚುಚ್ಚಿಕೊಂಡದ್ದು ಎಂಬುದನ್ನು ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಬೇಕಾಗುತ್ತದೆ.