ಅಕ್ಕಿಕಾಳಿನ ಮೀನು ಮತ್ತು ಅಂಗೈಯ ಪರದೆ

ಸ್ವಯಂಭೂರಮಣ ಸಮುದ್ರದಲ್ಲಿ ಸಾವಿರ ಯೋಜನ ಉದ್ದದ ಮಹಾಮತ್ಸ್ಯವಿದೆಯೆಂದು ಜೈನ ಪರಂಪರೆ ಹೇಳುತ್ತದೆ. ಅದು ಬಾಯಿ ತೆರೆದು ನಿದ್ರಿಸುವಾಗ ಅಸಂಖ್ಯಾತ ಸಣ್ಣ ಮೀನುಗಳು ಆ ಬಾಯಿಯೊಳಗೆ ಹೋಗುತ್ತವೆ, ಹೊರಗೆ ಬರುತ್ತವೆ. ಅದೇ ಮಹಾಮತ್ಸ್ಯದ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಇನ್ನೊಂದು ಮೀನು ವಾಸಿಸುತ್ತದೆ. ತಂಡುಲ ಮತ್ಸ್ಯ, ಶಾಲಿಸಿಕ್ಥ ಮತ್ಸ್ಯ ಎಂದೆಲ್ಲ ಅದಕ್ಕೆ ಹೆಸರು. ಕಿವಿಯ ಕಲ್ಮಷವೇ ಅದರ ಆಹಾರ. ಬೇರೊಂದು ಮೀನನ್ನು ನುಂಗುವ ಬಾಯಿ ಅದಕ್ಕಿಲ್ಲ. ಆದರೆ ಕುಳಿತಲ್ಲಿಂದಲೇ ಅದು ಎಲ್ಲವನ್ನೂ ನೋಡುತ್ತದೆ. ‘ಎಂತಹ ಮೂಢ ಮೀನಿದು! ಬಾಯಿಗೆ ಬಂದದ್ದನ್ನೂ ಬಿಟ್ಟುಬಿಡುತ್ತಿದೆ. ಇಂತಹ ದೇಹ ನನಗಿದ್ದಿದ್ದರೆ ಒಂದನ್ನೂ ಉಳಿಸುತ್ತಿರಲಿಲ್ಲ’ ಎಂದು ಚಿಂತಿಸುತ್ತದೆ. ಜೀವಮಾನದಲ್ಲಿ ಒಂದು ಮೀನನ್ನೂ ಕೊಲ್ಲದ ಆ ಜೀವ ಕೊನೆಗೆ ಏಳನೆಯ ನರಕಕ್ಕೆ ಇಳಿಯಿತು. ಅಶುದ್ಧ ಭಾವದ ಫಲವೇನೆಂಬುದಕ್ಕೆ ಕುಂದಕುಂದಾಚಾರ್ಯರು ‘ಭಾವಪಾಹುಡ’ದಲ್ಲಿ ಈ ಮೀನನ್ನೇ ನಿದರ್ಶನವಾಗಿ ಸ್ಮರಿಸಿದ್ದಾರೆ.

ಬಾಲ್ಯದಲ್ಲಿ ಕೇಳಿದಾಗ ಈ ಕಥೆಯ ಶಿಕ್ಷೆ ಅತಿಯಾಯಿತೆಂದು ಅನೇಕರಿಗೆ ತೋರಿರಬಹುದು. ನೋಡಿದ್ದಕ್ಕೆ, ಬರಿದೇ ಎಣಿಸಿದ್ದಕ್ಕೆ ನರಕವೇ? ಅಂಗೈಯಲ್ಲಿ ಪರದೆಯನ್ನು ಹಿಡಿದಿರುವ ಈ ಕಾಲದಲ್ಲಿ ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿಕೊಳ್ಳಬೇಕಾಗಿದೆ. ಇಂದು ನಾವೆಲ್ಲರೂ ಮಹಾಮತ್ಸ್ಯದ ಕಿವಿಯಲ್ಲಿ ಕುಳಿತವರೇ. ಜಗತ್ತಿನ ಯಾವ ಮೂಲೆಯಲ್ಲಿ ಯಾರನ್ನು ಯಾರು ನುಂಗಿದರೂ ಅದರ ದೃಶ್ಯ ಕ್ಷಣಾರ್ಧದಲ್ಲಿ ನಮ್ಮ ಕಣ್ಣ ಮುಂದಿರುತ್ತದೆ.

ದೂರದ ಮಾತೇಕೆ? ಸಂತೇಬೆನ್ನೂರು ಸೇರಿರುವ ಚನ್ನಗಿರಿ ತಾಲ್ಲೂಕಿನಲ್ಲಿಯೇ 2025ರ ಏಪ್ರಿಲ್‌ನಲ್ಲಿ ಕಳ್ಳತನದ ಆರೋಪ ಹೊರಿಸಿ ಬಾಲಕನೊಬ್ಬನನ್ನು ಅಡಿಕೆ ಮರಕ್ಕೆ ಕಟ್ಟಿ ಥಳಿಸಲಾಯಿತು. ಅವನ ಮೈಮೇಲೆ ಕೆಂಪಿರುವೆಗಳನ್ನು ಬಿಡಲಾಯಿತು. ಅದೇ ತಿಂಗಳು ತಾವರೆಕೆರೆಯಲ್ಲಿ ಮಹಿಳೆಯೊಬ್ಬರ ಮೇಲೆ ಗುಂಪೊಂದು ಹಲ್ಲೆ ನಡೆಸಿತು. ಎರಡೂ ಕೃತ್ಯಗಳು ಮೊಬೈಲಿನಲ್ಲಿ ಚಿತ್ರಿತವಾಗಿ ಊರೂರು ಸುತ್ತಿದವು. ಹೊಡೆದವರು ಕೆಲವೇ ಮಂದಿ; ನೋಡಿದವರಿಗೆ ಲೆಕ್ಕವಿಲ್ಲ. ಹೊಡೆದವರ ವಿಚಾರಣೆಗೆ ಕಾನೂನಿದೆ. ನೋಡಿದವರು ತಮ್ಮ ವಿಚಾರಣೆಯನ್ನು ತಾವೇ ಮಾಡಿಕೊಳ್ಳಬೇಕು.

ಕಣ್ಣು ಏಕೆ ಕದಲುವುದಿಲ್ಲ?

ಹಿಂಸೆಯ ದೃಶ್ಯ ಎದುರಾದಾಗ ಮನಸ್ಸು ‘ಬೇಡ’ ಎನ್ನುತ್ತದೆ. ಕಣ್ಣು ಮಾತ್ರ ಅಲ್ಲೇ ನೆಡುತ್ತದೆ. ಈ ಚೋದ್ಯ ಇಂದು ಹುಟ್ಟಿದ್ದಲ್ಲ. ಸಂತ ಅಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ ಅಲಿಪಿಯಸ್ ಎಂಬ ಗೆಳೆಯನ ಪ್ರಸಂಗವನ್ನು ಹೇಳಿದ್ದಾನೆ. ರೋಮ್ ನಗರದ ಮಲ್ಲರ ಕಾಳಗವನ್ನು ದ್ವೇಷಿಸುತ್ತಿದ್ದ ಆತನನ್ನು ಸ್ನೇಹಿತರು ಬಲವಂತವಾಗಿ ಅಖಾಡಕ್ಕೆ ಎಳೆದೊಯ್ದರು. ಕಣ್ಣು ಮುಚ್ಚಿಯೇ ಕುಳಿತಿರುವೆನೆಂದು ಆತ ನಿಶ್ಚಯಿಸಿದ್ದ. ಆದರೆ ಜನಸಮೂಹದ ಒಂದು ಭಾರೀ ಕೂಗಿಗೆ ಕುತೂಹಲ ತಡೆಯಲಾರದೆ ಕಣ್ಣು ತೆರೆದ, ರಕ್ತವನ್ನು ಕಂಡ, ಮತ್ತೆ ಮುಖ ತಿರುಗಿಸಲಿಲ್ಲ. ಅನಂತರ ಇತರರನ್ನೂ ಅಲ್ಲಿಗೆ ಕರೆದೊಯ್ಯುವವನಾದ.

ಈ ಸೆಳೆತದ ಬೇರುಗಳನ್ನು ಜೈನ ಕರ್ಮಶಾಸ್ತ್ರ ಸೂಕ್ಷ್ಮವಾಗಿ ಗುರುತಿಸಿದೆ. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳ ಜೊತೆಗೆ ಒಂಬತ್ತು ನೋಕಷಾಯಗಳನ್ನು ಅದು ಹೇಳುತ್ತದೆ. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆಗಳು ಅವುಗಳಲ್ಲಿ ಆರು. ಜುಗುಪ್ಸೆ, ಎಂದರೆ ಅಸಹ್ಯ, ನಮ್ಮನ್ನು ಹಿಂಸೆಯಿಂದ ದೂರವಿಡುತ್ತದೆಯೆಂದು ನಾವು ನಂಬಿದ್ದೇವೆ. ಆದರೆ ಶಾಸ್ತ್ರದ ದೃಷ್ಟಿಯಲ್ಲಿ ಜುಗುಪ್ಸೆಯೂ ರತಿಯೂ ಒಂದೇ ಮೋಹನೀಯ ಕರ್ಮದ ಮಕ್ಕಳು. ಅಸಹ್ಯಪಡುತ್ತಲೇ ಆಸಕ್ತಿಯಿಂದ ನೋಡುವುದು ಆದ್ದರಿಂದಲೇ ಸಾಧ್ಯ. ಭಯ ‘ನನಗೂ ಹೀಗಾದರೆ?’ ಎಂದು ಕಣ್ಣು ತೆರೆಸುತ್ತದೆ. ‘ಸದ್ಯ, ನನಗಾಗಲಿಲ್ಲ’ ಎಂಬ ನೆಮ್ಮದಿ ಮುಂದಿನ ದೃಶ್ಯಕ್ಕೆ ದಾರಿ ಮಾಡುತ್ತದೆ. ಮಾನಕಷಾಯ ‘ನಾನು ಇವರಂತಲ್ಲ’ ಎಂಬ ಸುಖವನ್ನು ಕೊಡುತ್ತದೆ.

ಇವೆಲ್ಲಕ್ಕಿಂತ ವಂಚಕವಾದುದು ಕ್ರೋಧ. ಅದು ನ್ಯಾಯದ ವೇಷದಲ್ಲಿ ಬರುತ್ತದೆ. ‘ಕದ್ದಿದ್ದಾನಂತೆ, ಬೀಳಲಿ ಏಟು’ ಎಂದವನಿಗೆ ತಾನು ಹಿಂಸೆಯನ್ನು ಸವಿಯುತ್ತಿದ್ದೇನೆಂಬ ಅರಿವೇ ಇರುವುದಿಲ್ಲ. ಅದೇ ದೃಶ್ಯವನ್ನು ಕಂಡು ‘ಹೊಡೆದವರನ್ನೂ ಹೀಗೆಯೇ ಕಟ್ಟಿ ಹೊಡೆಯಬೇಕು’ ಎಂದವನಿಗೂ ಇರುವುದಿಲ್ಲ. ಪಕ್ಷ ಬೇರೆಯಾದರೂ ಇಬ್ಬರ ಮನಸ್ಸಿನಲ್ಲಿ ಎದ್ದಿರುವ ಕೋಲು ಒಂದೇ.

ಕಾವ್ಯದಲ್ಲಿಯೂ ರೌದ್ರ, ಭಯಾನಕ, ಬೀಭತ್ಸಗಳಿಲ್ಲವೇ ಎಂದು ಕೇಳಬಹುದು. ಇವೆ. 1209ರಲ್ಲಿ ಜನ್ನ ರಚಿಸಿದ ‘ಯಶೋಧರ ಚರಿತೆ’ಯ ಚಂಡಮಾರಿಯ ಗುಡಿಯನ್ನು ಓದಿದವರು ನಡುಗುತ್ತಾರೆ. ಆದರೆ ಕಾವ್ಯದಲ್ಲಿ ಯಾವ ಜೀವವೂ ನೋಯುವುದಿಲ್ಲ. ಕವಿ ಆ ಭಯಾನಕದ ಮೂಲಕ ನಮ್ಮನ್ನು ಅಹಿಂಸೆಯ ಬಾಗಿಲಿಗೆ ತಂದು ನಿಲ್ಲಿಸುತ್ತಾನೆ. ಪರದೆಯ ಮೇಲಿನ ನಿಜದ ಹಿಂಸೆಯಲ್ಲಿ ಒಂದು ಜೀವ ನಿಜವಾಗಿ ನೊಂದಿದೆ. ನಿಜದ ನೋವನ್ನು ರಸದಂತೆ ಸವಿಯುವುದಕ್ಕೆ ಶಾಸ್ತ್ರ ಕೊಟ್ಟ ಹೆಸರು ಹಿಂಸಾನಂದ. ಅದು ರೌದ್ರಧ್ಯಾನದ ಮೊದಲ ಭೇದ. ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ ಇನ್ನೊಂದು ಎಚ್ಚರಿಕೆಯನ್ನೂ ನೀಡುತ್ತದೆ: ರೌದ್ರಧ್ಯಾನ ವ್ರತವಿಲ್ಲದವರಿಗೆ ಮಾತ್ರವಲ್ಲ, ಅಣುವ್ರತಗಳನ್ನು ಪಾಲಿಸುವ ಶ್ರಾವಕನಿಗೂ ಉಂಟಾಗಬಲ್ಲದು. ರಾತ್ರಿಭೋಜನವನ್ನು ತ್ಯಜಿಸಿದವನ ಕಣ್ಣು ರಾತ್ರಿಯೆಲ್ಲ ಇದನ್ನು ಉಣ್ಣುತ್ತಿದ್ದರೆ ಆ ತ್ಯಾಗ ಅರ್ಧವೇ ಆಯಿತು.

ನೂರೆಂಟರಲ್ಲಿ ಮೂವತ್ತಾರು

‘ನಾನು ಮಾಡಲಿಲ್ಲ, ನೋಡಿದೆನಷ್ಟೆ’ ಎಂಬ ಸಮಾಧಾನಕ್ಕೆ ಜೈನ ಗಣಿತ ಅವಕಾಶ ಕೊಡುವುದಿಲ್ಲ. ಕರ್ಮದ ಆಸ್ರವಕ್ಕೆ ಕಾರಣವಾಗುವ ಜೀವದ ವ್ಯಾಪಾರಗಳನ್ನು ಶಾಸ್ತ್ರಕಾರರು ಎಣಿಸಿದ್ದಾರೆ. ಸಂಕಲ್ಪಿಸುವುದು, ಸಿದ್ಧತೆ ನಡೆಸುವುದು, ತೊಡಗುವುದು ಎಂಬ ಮೂರು. ಮನಸ್ಸು, ಮಾತು, ಕಾಯಗಳೆಂಬ ಮೂರು. ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರು. ಇವು ನಾಲ್ಕು ಕಷಾಯಗಳೊಡನೆ ಗುಣಿತವಾಗಿ 108. ಜಪಮಾಲೆಯ ಮಣಿಗಳಿಗೂ ಈ ಸಂಖ್ಯೆಯನ್ನು ಹೊಂದಿಸಿ ಹೇಳುವ ವಾಡಿಕೆಯುಂಟು. ಆ 108ರಲ್ಲಿ ಸರಿಯಾಗಿ 36 ಅನುಮೋದನೆಗೆ ಸೇರಿದವು. ಕೈ ಎತ್ತದೆ, ಆಜ್ಞೆ ಕೊಡದೆ, ಒಳಗೊಳಗೇ ಮೆಚ್ಚಿದ ಮಾತ್ರಕ್ಕೆ ಆಗುವ ಪಾಪದ ಪಾಲು ಮೂರರಲ್ಲಿ ಒಂದು!

ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿಯಲ್ಲಿ 2023ರ ಡಿಸೆಂಬರ್‌ನಲ್ಲಿ ಮಹಿಳೆಯೊಬ್ಬರನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿ ಹೊಡೆದಾಗ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ನೆರೆದಿದ್ದ ಜನರಲ್ಲಿ ಬಿಡಿಸಲು ಮುಂದಾದದ್ದು ಒಬ್ಬರು ಮಾತ್ರ. ಅವರೂ ಏಟು ತಿಂದರು. ಉಳಿದವರು ಮೂಕಪ್ರೇಕ್ಷಕರಾಗಿ ನಿಂತದ್ದನ್ನು ನ್ಯಾಯಾಲಯ ಸಾಮೂಹಿಕ ಹೇಡಿತನವೆಂದು ಕಂಡಿತು. ಧರ್ಮಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಆ ಒಬ್ಬ ವ್ಯಕ್ತಿ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಅಭಯದಾನಕ್ಕೆ ಕೈಯೊಡ್ಡಿದ.

ನೋಡಿದ ದೃಶ್ಯವನ್ನು ಇನ್ನೊಬ್ಬರಿಗೆ ಕಳುಹಿಸುವುದು ಇನ್ನೊಂದು ಹೆಜ್ಜೆ. ಸಮಂತಭದ್ರಾಚಾರ್ಯರು ‘ರತ್ನಕರಂಡ ಶ್ರಾವಕಾಚಾರ’ದಲ್ಲಿ ಅನರ್ಥದಂಡವನ್ನು, ಎಂದರೆ ಪ್ರಯೋಜನವಿಲ್ಲದ ಪಾಪವನ್ನು, ಐದಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇಂದಿನ ಮೊಬೈಲಿನ ಮುಂದೆ ಇವುಗಳನ್ನು ಇಟ್ಟು ನೋಡಿ. ಕೆಲಸವಿಲ್ಲದೆ ಒಂದಾದ ಮೇಲೊಂದು ದೃಶ್ಯವನ್ನು ಬೆರಳಿನಿಂದ ಸರಿಸುತ್ತಾ ಹೋಗುವುದು ಪ್ರಮಾದಚರ್ಯೆಗೆ ಹತ್ತಿರ. ಮನಸ್ಸನ್ನು ಕಲುಷಿತಗೊಳಿಸುವುದನ್ನು ಆಲಿಸುವುದು ದುಃಶ್ರುತಿ. ಮತ್ತೊಬ್ಬರಿಗೆ ವಧೆ, ಬಂಧನ, ಛೇದನಗಳಾಗಲೆಂದು ಬಯಸುವುದು ಅಪಧ್ಯಾನ. ಕತ್ತಿ, ಕೊಡಲಿ, ಬೆಂಕಿಗಳನ್ನು ಕೊಡುವುದು ಹಿಂಸಾದಾನ. ಒಂದು ಸಮುದಾಯದ ಮೇಲೆ ರೋಷವೇಳಲೆಂದು ಹಲ್ಲೆಯ ದೃಶ್ಯವನ್ನು ಗುಂಪಿಗೆ ಹಾಕುವವನು ಕೊಡುತ್ತಿರುವುದು ಕತ್ತಿಯಲ್ಲದೆ ಮತ್ತೇನು? ಅನರ್ಥದಂಡದಿಂದ ವಿರತನಾಗುವುದು ಶ್ರಾವಕನ ಗುಣವ್ರತಗಳಲ್ಲಿ ಒಂದು. ಇದಕ್ಕೆ ಕಾಡಿಗೆ ಹೋಗಬೇಕಿಲ್ಲ. ಬೆರಳನ್ನು ತಡೆದರೆ ಸಾಕು.

ನೇಮಿನಾಥರೂ ನೋಡಿದರು

ಹಾಗಾದರೆ ಕಣ್ಣು ಮುಚ್ಚಿಕೊಳ್ಳುವುದೇ ಧರ್ಮವೇ? ಅಲ್ಲ. ಚನ್ನಗಿರಿ ತಾಲ್ಲೂಕಿನ ಆ ಎರಡೂ ಘಟನೆಗಳಲ್ಲಿ ದೃಶ್ಯಗಳು ಹರಡಿದ ಮೇಲೆ ಪ್ರಕರಣಗಳು ದಾಖಲಾದವು, ಬಂಧನಗಳಾದವು. ಯಾರೂ ನೋಡದಿದ್ದರೆ ನೊಂದವರ ಕೂಗು ಆ ತೋಟದಲ್ಲಿ, ಆ ಬೀದಿಯಲ್ಲಿಯೇ ಅಡಗಿಹೋಗುವ ಸಂಭವವಿತ್ತು. ನೋಟವೊಂದೇ ದೋಷವಾಗಿದ್ದರೆ ಸಾಕ್ಷಿಯೂ ಪಾಪಿಯಾಗಬೇಕಾಗುತ್ತಿತ್ತು.

ಇಪ್ಪತ್ತೆರಡನೆಯ ತೀರ್ಥಂಕರರಾದ ನೇಮಿನಾಥರ ಚರಿತೆಯನ್ನು ಇಲ್ಲಿ ನೆನೆಯಬೇಕು. ರಾಜಿಮತಿಯೊಡನೆ ವಿವಾಹಕ್ಕೆಂದು ಸಾಗುತ್ತಿದ್ದ ಆ ರಾಜಕುಮಾರ ದಾರಿಯಲ್ಲಿ ಕೂಡಿಹಾಕಿದ್ದ ಮೂಕಪ್ರಾಣಿಗಳನ್ನು ಕಂಡರು. ಅವುಗಳ ಆಕ್ರಂದನವನ್ನು ಕೇಳಿದರು. ಮದುವೆಯ ಔತಣಕ್ಕಾಗಿ ಅವನ್ನು ತಂದಿದ್ದಾರೆಂದು ತಿಳಿದಾಗ ಅವರು ಮುಖ ತಿರುಗಿಸಲಿಲ್ಲ, ರಥವನ್ನು ತಿರುಗಿಸಿದರು. ಮದುವೆಯ ಮಂಟಪದ ಬದಲು ಗಿರಿನಾರದ ಶಿಖರ ಅವರ ಗಮ್ಯವಾಯಿತು. ತಂಡುಲ ಮತ್ಸ್ಯವೂ ನೋಡಿತು, ನೇಮಿನಾಥರೂ ನೋಡಿದರು. ಸಾಯಲಿರುವ ಜೀವಗಳು ಇಬ್ಬರ ಕಣ್ಣ ಮುಂದೆಯೂ ಇದ್ದವು. ಒಂದು ನೋಟ ನುಂಗುವವನ ಜಾಗದಲ್ಲಿ ತನ್ನನ್ನು ಇಟ್ಟುಕೊಂಡಿತು; ಇನ್ನೊಂದು ನೋಟ ನೋಯುವವನ ಜಾಗದಲ್ಲಿ. ನರಕ ಮತ್ತು ನಿರ್ವಾಣಗಳ ದಾರಿ ಅಲ್ಲಿಂದಲೇ ಕವಲೊಡೆಯಿತು.

ಮೋಕ್ಷಮಾರ್ಗದ ಮೊದಲ ರತ್ನಕ್ಕೆ ನಮ್ಮ ಆಚಾರ್ಯರು ಸಮ್ಯಗ್ದರ್ಶನವೆಂದು ಹೆಸರಿಟ್ಟರು. ಅಲ್ಲಿ ದರ್ಶನವೆಂದರೆ ಶ್ರದ್ಧೆ. ಆ ಶ್ರದ್ಧೆ ನೆಲೆಗೊಂಡಿದೆಯೆಂಬುದರ ಲಕ್ಷಣಗಳಾಗಿ ಪ್ರಶಮ, ಸಂವೇಗ, ಆಸ್ತಿಕ್ಯಗಳೊಡನೆ ಅನುಕಂಪೆಯನ್ನೂ ಹೇಳಿದರು. ಅನುಕಂಪೆಯೆಂದರೆ ಇನ್ನೊಂದು ಜೀವದ ನಡುಕಕ್ಕೆ ನಮ್ಮ ಜೀವವೂ ನಡುಗುವುದು. ಒಂದು ದೃಶ್ಯವನ್ನು ಮೊದಲ ಬಾರಿ ನೋಡಿದಾಗ ಆದ ಆ ನಡುಕ ಹತ್ತನೆಯ ಬಾರಿಗೆ ಇಲ್ಲವಾಗಿದ್ದರೆ, ನಾವು ಕಳೆದುಕೊಂಡಿರುವುದು ಸಮಯವನ್ನು ಮಾತ್ರವಲ್ಲ.

ಸಂತೇಬೆನ್ನೂರಿನ ಪುಷ್ಕರಣಿಯನ್ನು ಕಂಡವರು ಬಲ್ಲರು: ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಆ ಹೊಂಡದಲ್ಲಿ ನೀರು ನಿಶ್ಚಲವಾಗಿದ್ದಾಗ ನಡುವಣ ವಸಂತ ಮಂಟಪ ಇದ್ದಂತೆಯೇ ಮೂಡುತ್ತದೆ, ನೀರು ಕಲಕಿದಾಗ ಮಂಟಪವೂ ಒಡೆದು ಕಾಣುತ್ತದೆ. ಮನಸ್ಸೂ ಹಾಗೆಯೇ. ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಕರ್ಮದ ಉಪಶಮವನ್ನು ವಿವರಿಸಲು ಬಗ್ಗಡದ ನೀರಿಗೆ ಕತಕದ ಬೀಜವನ್ನು ಬೆರೆಸಿ ಕೆಸರನ್ನು ತಳಕ್ಕಿಳಿಸುವ ದೃಷ್ಟಾಂತವನ್ನು ಕೊಡುತ್ತಾರೆ. ಅದು ನಮ್ಮ ಹಿರಿಯರು ಬಳಸುತ್ತಿದ್ದ ಚಿಲ್ಲದ ಬೀಜ. ಹಿಂಸಾದೃಶ್ಯಗಳಿಂದ ಕದಡಿದ ಮನಸ್ಸಿಗೆ ಅಂತಹ ಬೀಜ ಯಾವುದು?

‘ತತ್ತ್ವಾರ್ಥಸೂತ್ರ’ ಹೇಳುವ ನಾಲ್ಕು ಭಾವನೆಗಳೇ ಅದು: ಸಕಲ ಜೀವಿಗಳಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ನೊಂದವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ. ಇಂತಹ ದೃಶ್ಯ ಕಣ್ಣಿಗೆ ಬಿದ್ದರೆ ಮರಕ್ಕೆ ಕಟ್ಟಿಸಿಕೊಂಡ ಬಾಲಕನಿಗೆ ನಮ್ಮ ಕಾರುಣ್ಯ ಸಲ್ಲಲಿ. ಬಿಡಿಸಲು ಹೋದವರನ್ನು ಕಂಡು ಪ್ರಮೋದ ಮೂಡಲಿ. ಹೊಡೆದವರನ್ನು ಕಾನೂನಿಗೆ ಒಪ್ಪಿಸಿ, ಮನಸ್ಸು ಮಧ್ಯಸ್ಥವಾಗಿರಲಿ.

ಕಾರುಣ್ಯ ಭಾವನೆಯಲ್ಲಿಯೇ ಮುಗಿಯಬಾರದು. ಹಿಂಸೆ ಕಣ್ಣೆದುರೇ ನಡೆಯುತ್ತಿದ್ದರೆ 112ಕ್ಕೆ, ಮಗುವಿಗೆ ಸಂಬಂಧಿಸಿದ್ದರೆ 1098ಕ್ಕೆ ಕರೆ ಮಾಡಬಹುದು. ಕೈಯಲ್ಲಿರುವ ದೃಶ್ಯ ಸಾಕ್ಷ್ಯವಾಗಿದ್ದರೆ ಅದರ ಸ್ಥಾನ ಪೊಲೀಸ್ ಠಾಣೆ, ಗೆಳೆಯರ ಗುಂಪಲ್ಲ. ನೊಂದ ಮಗುವಿನ ಗುರುತನ್ನು ಬಹಿರಂಗಪಡಿಸುವುದು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಸೆಕ್ಷನ್ನಿನ ಪ್ರಕಾರ ಅಪರಾಧ. ಆರು ತಿಂಗಳವರೆಗಿನ ಸೆರೆ, ಎರಡು ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಎರಡಕ್ಕೂ ಅವಕಾಶವಿದೆ. ಕಾನೂನಿಗಿಂತ ಮೊದಲು ಯೋಚಿಸಬೇಕಾದದ್ದು ಆ ಮಗುವಿನ ಬಗ್ಗೆ. ಗಾಯ ಮಾಗಿದ ಮೇಲೂ ಆ ದೃಶ್ಯ ಯಾರೋ ಒಬ್ಬರ ಮೊಬೈಲಿನಲ್ಲಿ ಅವನನ್ನು ಮತ್ತೆ ಮರಕ್ಕೆ ಕಟ್ಟುತ್ತಲೇ ಇರುತ್ತದೆ. ಅದನ್ನು ಅಳಿಸುವುದೂ ಒಂದು ಅಭಯದಾನವೇ.

ಸಂಜೆಯ ಪ್ರತಿಕ್ರಮಣದಲ್ಲಿ ನಾವು ಕಾಲಡಿಗೆ ಸಿಕ್ಕ ಕೀಟಗಳನ್ನು, ಆಡಿದ ಕಠಿಣ ನುಡಿಗಳನ್ನು ನೆನೆದು ಕ್ಷಮೆ ಬೇಡುತ್ತೇವೆ. ಇನ್ನು ಮುಂದೆ ಆ ಪಟ್ಟಿಗೆ ಕಣ್ಣಿನ ಲೆಕ್ಕವನ್ನೂ ಸೇರಿಸೋಣ. ಇಂದು ಯಾರ ನೋವನ್ನು ನೋಡಿದೆ? ನೋಡುವಾಗ ಯಾರ ಜಾಗದಲ್ಲಿ ನಿಂತಿದ್ದೆ? ಅದನ್ನು ಯಾರಿಗೆ, ಏತಕ್ಕಾಗಿ ಕಳುಹಿಸಿದೆ? ಈ ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡ ಬಳಿಕವೇ ಮಲಗುವುದು ಗೃಹಸ್ಥರಾದ ನಮಗೆ ಕೈಗೂಡದ ವ್ರತವೇನಲ್ಲ.