ಮನೆಯಲ್ಲಿ ಎಂಎಸ್ ಇದ್ದರೆ ಬೇಸಿಗೆ ಕೆಲಸ ಹೇಗೆ ಹೊಂದಿಸಬೇಕು?

ಬೇಸಿಗೆ ಬಂತು ಅಂತ ನಮ್ಮ ಭಾಗದಲ್ಲಿ ಕೆಲಸ ನಿಲ್ಲೋದಿಲ್ಲ. ಹಾನಗಲ್‌ನಲ್ಲಿ ಮಾವಿನಕಾಯಿ ಇಳಿಸಬೇಕು, ಸವಣೂರಿನಲ್ಲಿ ಎಲೆಬಳ್ಳಿಗೆ ನೀರು ತಪ್ಪಬಾರದು, ಶಿಗ್ಗಾವಿ, ಹಿರೇಕೆರೂರು ಕಡೆ ಮುಂಗಾರಿಗೆ ಮೊದಲೇ ಗೊಬ್ಬರ ಹೇರಿ ಗೋವಿನಜೋಳಕ್ಕೆ ಹೊಲ ಹಸನು ಮಾಡಬೇಕು. ನಮ್ಮ ಅಣ್ಣನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇದೆ. ಮುಂಜಾನೆ ಚಂದ ಕೆಲಸ ಮಾಡಿದವನಿಗೆ ಮಧ್ಯಾಹ್ನ ನಾಲ್ಕು ಹೆಜ್ಜೆ ಇಡೋದೂ ಕಷ್ಟ. ನೋಡಿದವರು ಮೈಗಳ್ಳ ಅಂತಾರೆ. ಆದರೆ ಇದಕ್ಕೆ ಸರಿಯಾದ ಕಾರಣ ಇದೆ.

ಬಿಸಿಲಿಗೆ ಯಾಕೆ ಜಾಸ್ತಿ?

ಬೋರಿನ ಕೇಬಲ್ ಮೇಲಿನ ರಬ್ಬರ್ ಸುಲಿದರೆ ಕರೆಂಟ್ ಸರಿಯಾಗಿ ಮೋಟರಿಗೆ ಮುಟ್ಟೋದಿಲ್ಲ. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳು ಮಾಡುತ್ತದೆ. ಮೈಯ ಶಾಖ ಅರ್ಧ ಡಿಗ್ರಿ ಏರಿದರೂ ಇಂಥ ನರದಲ್ಲಿ ಸಂದೇಶ ತಡವಾಗಬಹುದು, ನಿಂತೂ ಹೋಗಬಹುದು. ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ ಇದನ್ನು ದಾಖಲಿಸಿದರು. ಮೈ ತಂಪಾದರೆ ಇದು ಇಳಿಯುತ್ತದೆ. ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ.

ಹೊತ್ತು ಬದಲಿಸ್ರಿ

- ಮೈಮುರಿ ಕೆಲಸ ಬೆಳಗಿನ 6ರಿಂದ 9ರೊಳಗೆ ಮುಗಿಸಿ. ನಡುಮಧ್ಯಾಹ್ನ ನೆರಳಲ್ಲಿ ಕೂತು ಕಾಯಿ ವಿಂಗಡಿಸೋದು, ಲೆಕ್ಕ ಬರೆಯೋದು, ಫೋನಿನಲ್ಲಿ ಮಾರುಕಟ್ಟೆ ದರ ನೋಡೋದು ಅವರಿಗೆ ಬಿಡಿ.
- ಕುತ್ತಿಗೆ, ತಲೆಗೆ ಒದ್ದೆ ಟವೆಲ್ ಇರಲಿ. ಕೆಲಸಕ್ಕೆ ಮೊದಲೇ ತಣ್ಣೀರು ಕುಡಿದು ಹೊರಡಲಿ. ಸುಡುನೀರಿನ ಸ್ನಾನ ಬೇಡ.
- ಕಣ್ಣು ಮಂಜಾದಾಗ, ಕಾಲು ಸೋತಾಗ ಟ್ರ್ಯಾಕ್ಟರ್, ಮೇವು ಕತ್ತರಿಸುವ ಯಂತ್ರ ಮುಟ್ಟಬಾರದು. ಏಣಿ, ಮರ ಹತ್ತಬಾರದು. ಇದರಲ್ಲಿ ಹಟ ಮಾಡಿದರೆ ಕೈಯೋ ಜೀವವೋ ಹೋದೀತು.
- ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಕತ್ತಲಲ್ಲಿ ಬದುವಿನ ಮೇಲೆ ನಡೆಯೋದು ತಪ್ಪಿಸಲು ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿ.
- ಪಾದಕ್ಕೆ ಸ್ಪರ್ಶ ಕಡಿಮೆ ಇದ್ದರೆ ಕಾದ ನೆಲದಲ್ಲಿ ಸುಟ್ಟದ್ದೂ ತಿಳಿಯೋದಿಲ್ಲ. ಬರಿಗಾಲು ಬೇಡ.

ನೀರು ಮತ್ತು ಇಂಜೆಕ್ಷನ್

ಎಂಎಸ್ ಇದ್ದವರಿಗೆ ಮೂತ್ರ ತಡೆಯೋದು ಕಷ್ಟ ಆಗಬಹುದು. ಹೊಲದಲ್ಲಿ ಪದೇ ಪದೇ ಹೋಗಬೇಕಲ್ಲ ಅಂತ ಕೆಲವರು, ಅದರಲ್ಲೂ ಹೆಣ್ಣುಮಕ್ಕಳು, ನೀರು ಕುಡಿಯೋದನ್ನೇ ಬಿಡುತ್ತಾರೆ. ಇದರಿಂದ ಮೂತ್ರದ ಸೋಂಕು ಬರಬಹುದು. ಸೋಂಕಿನ ಜ್ವರದಿಂದ ನರದ ತೊಂದರೆ ಮತ್ತಷ್ಟು ಏರುತ್ತದೆ. ನೀರು ನಿಲ್ಲಿಸಬೇಡಿ, ಹೊಲದ ಹತ್ತಿರ ಮರೆಯ ಜಾಗ ಮಾಡಿಕೊಡಿ.

ಇಂಟರ್‌ಫೆರಾನ್‌ನಂಥ ಇಂಜೆಕ್ಷನ್‌ಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಫ್ರೀಜರ್‌ನಲ್ಲಿ ಇಟ್ಟರೆ ಕೆಡುತ್ತದೆ. ಹುಬ್ಬಳ್ಳಿಯಿಂದ ತರುವಾಗ ಥರ್ಮಾಕೋಲ್ ಡಬ್ಬಿ ಬಳಸಿ, ಐಸ್ ನೇರವಾಗಿ ತಾಗದಂತೆ ನಡುವೆ ಬಟ್ಟೆ ಇಡಿ. ಬಹಳ ಹೊತ್ತು ಕರೆಂಟ್ ಹೋಗಿದ್ದರೆ, ಆ ಔಷಧ ಬಳಸಬಹುದೇ ಅಂತ ಡಾಕ್ಟರನ್ನು ಕೇಳಿ.

24 ಗಂಟೆಯ ಲೆಕ್ಕ

ನೆರಳಲ್ಲಿ ಕೂತು ಮೈ ತಂಪಾದ ಮೇಲೆ ಇಳಿದರೆ ಅದು ಬಿಸಿಲಿನ ತೊಂದರೆ. ಹೊಸ ತೊಂದರೆ ಶುರುವಾಗಿ, ಅಥವಾ ಹಳೆಯದು ಜೋರಾಗಿ, 24 ಗಂಟೆ ದಾಟಿದರೂ ಇಳಿಯದಿದ್ದರೆ ರೋಗ ಮತ್ತೆ ಕೆರಳಿರಬಹುದು. ನರರೋಗ ತಜ್ಞರಿಗೆ ಕೂಡಲೇ ತೋರಿಸಿ. ದಿಢೀರನೆ ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಬದಿ ಬಿದ್ದುಹೋದರೆ 24 ಗಂಟೆ ಕಾಯಬೇಡಿ. ಅದು ಲಕ್ವಾ ಇರಬಹುದು. ಮೈ ಕಾದು ಪ್ರಜ್ಞೆ ತಪ್ಪಿದರೂ ಅಷ್ಟೇ, ತಕ್ಷಣ 108ಕ್ಕೆ ಫೋನ್ ಮಾಡಿ.

ಕಾರ್ಡ್ ಮಾಡಿಸಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿದ 21 ಅಂಗವೈಕಲ್ಯಗಳಲ್ಲಿ ಎಂಎಸ್ ಕೂಡ ಒಂದು. ಹೊರಗಿನಿಂದ ಆರಾಮ ಕಾಣುತ್ತಾರೆ ಅಂತ ಸುಮ್ಮನಿರಬೇಡಿ. ಯುಡಿಐಡಿ ಕಾರ್ಡಿಗೆ ಫೋನಿನಲ್ಲೇ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಚಿಕಿತ್ಸೆಯ ಕಾಗದ, ಎಂಆರ್‌ಐ ರಿಪೋರ್ಟ್ ಫೋಟೋ ತೆಗೆದು ಫೋನಿನಲ್ಲಿ ಒಂದೇ ಕಡೆ ಇಟ್ಟುಕೊಳ್ಳಿ. ಅರ್ಜಿಗೂ ಬೇಕು, ತುರ್ತು ಬಂದಾಗ ಡಾಕ್ಟರಿಗೆ ತೋರಿಸಲೂ ಬೇಕು.