ಬಿಸಿನೀರಿನ ದುರಸ್ತಿ: ದರಪಟ್ಟಿಗೆ ಒಪ್ಪುವ ಮುನ್ನ

ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆಗಿದ್ದ ಸ್ಥಾನ ಅಡಿಗೆಯ ಒಲೆಗಿಂತ ಕಡಿಮೆಯದೇನಲ್ಲ. ಹುದುಗಿಸಿದ ಕೆಂಡದ ಮೇಲೆ ರಾತ್ರಿ ಒಂದು ಸೌದೆಕುಂಟೆಯನ್ನಿಟ್ಟು ಮಲಗಿದರೆ ಬೆಳಗಿನ ಜಾವಕ್ಕೆ ತಾಮ್ರದ ಹಂಡೆಯ ನೀರು ಕಾದಿರುತ್ತಿತ್ತು. ಮಿಂದು, ವಿಭೂತಿ ಧರಿಸಿ ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳುವ ಹಿರಿಯರ ದಿನಚರಿ ಆ ಹಂಡೆಯಿಂದಲೇ ಆರಂಭವಾಗುತ್ತಿತ್ತು. ಇಂದು ತಾಳಗುಪ್ಪದ ಸುತ್ತಿನ ಹಳ್ಳಿಗಳಲ್ಲಿಯೂ ತಾರಸಿಗಳ ಮೇಲೆ ಸೋಲಾರ್ ವಾಟರ್ ಹೀಟರುಗಳು ಬಂದು ಕುಳಿತಿವೆ. ಹಂಡೆ ತೂತಾದರೆ ಬೆಸುಗೆ ಹಾಕುವವನ ಮುಂದಿಡುತ್ತಿದ್ದೆವು. ತೂತು ಅವನಿಗೂ ಕಾಣುತ್ತಿತ್ತು, ನಮಗೂ ಕಾಣುತ್ತಿತ್ತು. ಈಗಿನ ಯಂತ್ರದ ದೋಷ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ತೊಡಕು ಇರುವುದು ಇಲ್ಲಿಯೇ.

ಎರಡು ವರ್ಷಗಳ ಹಿಂದೆ ಕಾರ್ತಿಕ ಮಾಸದಲ್ಲಿ ನಮ್ಮ ಮನೆಯ ನಲ್ಲಿಯಲ್ಲಿ ಬಿಸಿನೀರಿಗೆ ಬದಲಾಗಿ ಉಗುರುಬೆಚ್ಚಗಿನ ನೀರು ಬರತೊಡಗಿತು. ಮೊದಲು ಬಂದಾತ ತಾರಸಿ ಹತ್ತಿ ಟ್ಯಾಂಕನ್ನು ಬೆರಳಿನಿಂದ ತಟ್ಟಿ ನೋಡಿ, ಒಳಗಿನ ಟ್ಯಾಂಕ್ ಹೋಗಿದೆ, ಪೂರ್ತಿ ಬದಲಾಯಿಸಬೇಕೆಂದು 26,000 ರೂಪಾಯಿಯ ಚೀಟಿ ಬರೆದುಕೊಟ್ಟ. ಎರಡನೆಯವನು ಹತ್ತೂ ಗಾಜಿನ ಟ್ಯೂಬುಗಳನ್ನು ಬದಲಿಸಿ ಟ್ಯಾಂಕ್ ತೊಳೆಯಲು 8,500 ರೂಪಾಯಿ ಎಂದ. ನಾವು ಆ ಎರಡು ಮೊತ್ತಗಳನ್ನು ತೂಗುತ್ತ ಎಂಟು ದಿನ ಕಳೆದೆವು. ಅಷ್ಟರಲ್ಲಿ ಎಂಬತ್ತೆರಡು ವರ್ಷದ ನಮ್ಮ ತಾಯಿಯವರು ಯಾರಿಗೂ ಹೇಳದೆ ಕೊಟ್ಟಿಗೆಯಿಂದ ಸೌದೆ ಹೊತ್ತು ತಂದು ಹಳೆಯ ಒಲೆ ಹೊತ್ತಿಸಲು ಆರಂಭಿಸಿದ್ದರು. ಒಂದು ಮುಂಜಾವು ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದರು. ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚಿನದೇನೂ ಆಗಲಿಲ್ಲ. ಆದರೆ ಆ ದಿನವೇ 26,000 ರೂಪಾಯಿ ಕೊಟ್ಟು ಮುಗಿಸಿಬಿಡೋಣವೆಂದು ನಾನು ನಿಶ್ಚಯಿಸಿಬಿಟ್ಟಿದ್ದೆ. ಗಾಬರಿಯಲ್ಲಿರುವ ಮನೆಯವರು ಯಾವ ದರಕ್ಕೂ ಒಪ್ಪುತ್ತಾರೆ.

ತಡೆದವರು ನಿವೃತ್ತ ಉಪಾಧ್ಯಾಯರಾದ ನಮ್ಮ ಭಾವನವರು. ಎರಡೂ ಚೀಟಿಗಳನ್ನು ಕನ್ನಡಕ ಏರಿಸಿ ಓದಿದ ಅವರು, “ಇದರಲ್ಲಿ ಔಷಧಿಯ ಬೆಲೆ ಇದೆ, ಕಾಯಿಲೆಯ ಹೆಸರೇ ಇಲ್ಲವಲ್ಲ” ಎಂದರು.

ಮೂರನೆಯದಾಗಿ ಸಾಗರದ ಕಡೆಯಿಂದ ಬಂದ ಹುಡುಗ ದರದ ಮಾತನ್ನೇ ಎತ್ತಲಿಲ್ಲ. ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವನ್ನು ಮುಚ್ಚಿ ಬಂದು ಬಚ್ಚಲಿನ ಬಿಸಿನೀರಿನ ನಲ್ಲಿಯನ್ನು ತಿರುಗಿಸಿದ. ಟ್ಯಾಂಕಿಗೆ ನೀರೇ ಹೋಗದಿದ್ದಾಗ ಅಲ್ಲಿಂದ ಬರುವ ನೀರು ಸ್ವಲ್ಪ ಹೊತ್ತಿನಲ್ಲಿ ನಿಲ್ಲಬೇಕು. ನಿಲ್ಲಲಿಲ್ಲ, ಅಷ್ಟೇ ಅಲ್ಲ, ತಣ್ಣಗೆ ಹರಿಯಿತು. “ಅಮ್ಮಾ, ಮೇಲೆ ನೀರು ಕಾದೇ ಇದೆ. ಎಲ್ಲೋ ತಣ್ಣೀರು ಬೆರೆಯುತ್ತಿದೆ” ಎಂದವನು ಹೊಸ ಸ್ನಾನಗೃಹಕ್ಕೆ ಹೋದ. ಅಲ್ಲಿನ ಮಿಕ್ಸರ್ ನಲ್ಲಿಯ ಎರಡೂ ತಿರುಪುಗಳು ತೆರೆದಿದ್ದವು. ಹ್ಯಾಂಡ್ ಶವರಿನ ತುದಿ ಮಾತ್ರ ಮುಚ್ಚಿತ್ತು. ತಣ್ಣೀರು ಆ ನಲ್ಲಿಯ ಒಡಲಿನ ಮೂಲಕವೇ ಬಿಸಿನೀರಿನ ಕೊಳವೆಗೆ ದಾಟಿ ಮನೆಯ ಉಳಿದ ನಲ್ಲಿಗಳಿಗೆಲ್ಲ ಬೆರೆಯುತ್ತಿತ್ತು. ನೀರು ಒಂದೇ ದಿಕ್ಕಿಗೆ ಹರಿಯುವಂತೆ ತಡೆಯುವ ಎರಡು ವಾಲ್ವುಗಳನ್ನು ಕೂಡಿಸಿದ. ಕೂಲಿ ಸೇರಿ 1,150 ರೂಪಾಯಿ. ನಾನು ಕೈಗಿತ್ತ ಹೆಚ್ಚಿನ ಹಣವನ್ನು ಹಿಂದಿರುಗಿಸಿದ. ನಿತ್ಯದ ಅಳತೆಗಿಂತ ಹೆಚ್ಚಾಗಿ ಗಂಡ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬನ್ನಿರೆಂದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅವನು ಓದಿದ್ದನೋ ಇಲ್ಲವೋ ಕಾಣೆ.

ಎಲ್ಲ ಮನೆಗಳ ದೋಷವೂ ಇಷ್ಟು ಅಗ್ಗದಲ್ಲಿ ಮುಗಿಯುವುದಿಲ್ಲ. ಟ್ಯಾಂಕು ನಿಜವಾಗಿ ಸೋರುವುದೂ ಉಂಟು. ಆದರೆ ದುರಸ್ತಿಗಾರನನ್ನು ಕರೆಯುವ ಮೊದಲು ನಾವೇ ನೋಡಬಹುದಾದ ಗುರುತುಗಳಿವೆ. ಗಾಜಿನ ಟ್ಯೂಬು ಎರಡು ಪದರದ್ದು, ನಡುವೆ ಗಾಳಿಯಿಲ್ಲ. ಅದರ ಕೆಳತುದಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಟ್ಯೂಬು ಸರಿಯಿದೆ. ಹಾಲಿನಂತೆ ಬಿಳಿಚಿದ್ದರೆ ಒಳಗೆ ಗಾಳಿ ಹೊಕ್ಕಿದೆ. ಬಿಳಿಚಿದ್ದನ್ನು ಮಾತ್ರ ಬದಲಿಸಿದರೆ ಸಾಕು, ಹತ್ತನ್ನೂ ಬದಲಿಸಬೇಕಾಗಿಲ್ಲ. ಮಂಗಗಳ ಕಾಟವಿರುವ ನಮ್ಮಲ್ಲಿ ಒಂದು ಟ್ಯೂಬು ಒಡೆದರೂ ಟ್ಯಾಂಕಿನ ನೀರೆಲ್ಲ ಸುರಿದುಹೋಗುತ್ತದೆ. ಅದಕ್ಕೆ ದರಪಟ್ಟಿಯ ಚರ್ಚೆಯೇ ಬೇಡ. ಸಂಜೆ ಚೆನ್ನಾಗಿ ಕಾದಿದ್ದ ನೀರು, ರಾತ್ರಿ ಯಾರೂ ಬಳಸದಿದ್ದರೂ, ಬೆಳಿಗ್ಗೆ ಆರಿದ್ದರೆ ಟ್ಯಾಂಕಿನ ಹೊದಿಕೆ ಹಾಳಾಗಿರಬಹುದು. ಆಗ ಮಾತ್ರ ಟ್ಯಾಂಕ್ ಬದಲಿಸುವ ಮಾತಿಗೆ ಅರ್ಥವಿದೆ. ಒಂದು ಎಚ್ಚರಿಕೆ: ಬರಿದಾದ ಟ್ಯಾಂಕಿಗೆ ನಡುಹಗಲಿನಲ್ಲಿ ತಣ್ಣೀರು ಬಿಡಬಾರದು. ಕಾದ ಗಾಜು ಸೀಳುತ್ತದೆ. ನೀರಿಲ್ಲದಾಗ ವಿದ್ಯುತ್ ಕಾಯಿಲನ್ನೂ ಹಾಕಬಾರದು.

ಕೊಳವೆಯೊಳಗಿನ ಸುಣ್ಣದ ಪೊರೆ ತೆಗೆಯಲು ಇಷ್ಟು ಎಂದು ಬರೆದಿದ್ದರೆ ಪೊರೆಯನ್ನು ತೋರಿಸೆಂದು ಕೇಳಬೇಕು. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿಗೆ ಅದು ಸಹಜ. ಜಂಬಿಟ್ಟಿಗೆ ನೆಲದ ನಮ್ಮ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಅಲ್ಲಿ ಪೊರೆ ಕಟ್ಟುವುದು ವಿರಳ.

ಮಳೆಗಾಲದಲ್ಲಿ ಬರೆಸಿದ ದರಪಟ್ಟಿಯನ್ನಂತೂ ನಂಬಲೇಬಾರದೆಂಬುದು ನನ್ನ ಅಭಿಪ್ರಾಯ. ಆಷಾಢ ಶ್ರಾವಣಗಳಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಈ ಸೀಮೆಯಲ್ಲಿ ಯಾವ ಸೋಲಾರ್ ತಾನೆ ಕಾದೀತು? ಆಗ ಪರೀಕ್ಷಿಸಬಹುದಾದದ್ದು ವಿದ್ಯುತ್ ಕಾಯಿಲನ್ನು ಮಾತ್ರ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4 ಯೂನಿಟ್ ವಿದ್ಯುತ್ ಸಾಕು. 2 ಕಿಲೋವ್ಯಾಟಿನ ಕಾಯಿಲಿಗೆ ಇದು ಎರಡು ಗಂಟೆಯ ಕೆಲಸ. ಮೀಟರನ್ನೂ ಗಡಿಯಾರವನ್ನೂ ನೋಡಿದರೆ ತಿಳಿಯುತ್ತದೆ. ಸೋಲಾರಿನ ಪರೀಕ್ಷೆಗೆ ದಸರೆ ಕಳೆಯುವವರೆಗೆ ಕಾಯುವುದೇ ಲೇಸು.

ಚಳಿದೇಶಗಳಲ್ಲಿ ನೆಲೆಸಿದ ನಮ್ಮ ಮಕ್ಕಳಿಗೂ ಇದೇ ತೊಡಕು, ಇನ್ನೂ ದೊಡ್ಡ ಪ್ರಮಾಣದಲ್ಲಿ. ಅಲ್ಲಿನ ಎಷ್ಟೋ ಮನೆಗಳಲ್ಲಿ ನೆಲದ ಕೆಳಗೆ ಬಿಸಿನೀರಿನ ಕೊಳವೆಗಳನ್ನು ಹಾಸಿ ಕೋಣೆಗಳನ್ನು ಬೆಚ್ಚಗಿಡುತ್ತಾರೆ. ಕೊರಿಯಾ ದೇಶದವರು ಒಲೆಯ ಹೊಗೆಯನ್ನೇ ನೆಲದಡಿ ಹಾಯಿಸಿ ಇದನ್ನು ಬಹು ಹಿಂದೆಯೇ ಸಾಧಿಸಿದ್ದರು. ಹುಗಿದ ಕೊಳವೆ ಕೆಟ್ಟಿದೆಯೆಂದರೆ ನೆಲವನ್ನೇ ಅಗೆಯಬೇಕು. ಖರ್ಚು ಲೆಕ್ಕಕ್ಕೆ ಸಿಗದು. ಜರ್ಮನಿಯಲ್ಲಿರುವ ನನ್ನ ಸೋದರಳಿಯನಿಗೆ ಅಂತಹ ದರಪಟ್ಟಿಯೊಂದು ಬಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ತಣ್ಣಗಾಗಿರುವುದು ಒಂದು ಕೋಣೆಯೋ ಎಲ್ಲವೋ? ಎಲ್ಲ ಕೋಣೆಗಳೂ ತಣ್ಣಗಾದರೆ ದೋಷ ಬಾಯ್ಲರಿನಲ್ಲೋ ಪಂಪಿನಲ್ಲೋ ಇರುವ ಸಂಭವ ಹೆಚ್ಚು. ಒಂದೇ ಕೋಣೆಯಾದರೆ ಆ ಸುತ್ತಿನ ವಾಲ್ವು ಅಂಟಿರಬಹುದು, ಕೊಳವೆಯಲ್ಲಿ ಗಾಳಿ ಸಿಕ್ಕಿರಬಹುದು. ಕೊಳವೆ ಸೋರುತ್ತಿದ್ದರೆ ಒತ್ತಡದ ಮಾಪಕದ ಮುಳ್ಳು ದಿನೇದಿನೇ ಇಳಿಯುತ್ತದೆ. ಮುಳ್ಳು ಇಳಿಯದೆ ನೆಲ ಅಗೆಯುವ ಮಾತೇಕೆ? ಅವನ ಮನೆಯಲ್ಲಿ ಅಂಟಿದ್ದುದು ವಾಲ್ವು.

ಇಷ್ಟೆಲ್ಲ ನೋಡಿದ ಮೇಲೆ ದರಪಟ್ಟಿಯನ್ನು ಬರಹದಲ್ಲೇ ಪಡೆಯಬೇಕು. ದೋಷವೇನು, ಅದನ್ನು ಹೇಗೆ ಕಂಡುಹಿಡಿದರು, ಯಾವ ಬಿಡಿಭಾಗಕ್ಕೆ ಎಷ್ಟು, ಕೂಲಿಯೆಷ್ಟು, ಬಂದುಹೋಗುವ ಖರ್ಚೆಷ್ಟು ಎಂಬುದು ಬೇರೆಬೇರೆಯಾಗಿರಲಿ. ಸಾಗರದಿಂದಲೋ ಶಿವಮೊಗ್ಗೆಯಿಂದಲೋ ಬರುವವನು ದಾರಿಯ ಖರ್ಚು ಕೇಳುವುದು ನ್ಯಾಯವೇ. ಅದನ್ನು ಟ್ಯೂಬಿನ ಬೆಲೆಯಲ್ಲಿ ಅಡಗಿಸುವುದು ನ್ಯಾಯವಲ್ಲ. ತೆಗೆದ ಹಳೆಯ ಭಾಗವನ್ನು ನಮಗೇ ಕೊಟ್ಟು ಹೋಗಬೇಕೆಂದು ಮೊದಲೇ ಹೇಳಿಬಿಟ್ಟರೆ ಪಟ್ಟಿ ಎಷ್ಟೋ ಸಲ ತಾನಾಗಿಯೇ ಚಿಕ್ಕದಾಗುತ್ತದೆ. ರಸೀದಿಯಿದ್ದರೆ ಮೋಸವಾದಾಗ ಶಿವಮೊಗ್ಗೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ. 1915 ಸಂಖ್ಯೆಗೆ ದೂರವಾಣಿ ಮಾಡಿದರೂ ಸಲಹೆ ದೊರೆಯುತ್ತದೆ.

ನಮ್ಮ ತಾಯಿಯವರು ಮಾತ್ರ ಹಳೆಯ ಹಂಡೆಯನ್ನು ಕೀಳಿಸಲು ಇಂದಿಗೂ ಒಪ್ಪಿಲ್ಲ. ಆಷಾಢ ಬಂತೆಂದರೆ ಬಚ್ಚಲ ಒಲೆ ಹೊತ್ತುತ್ತದೆ. ಸೌದೆ ಹೊರುವವನು ಈಗ ಮೊಮ್ಮಗ.